ಎದೆಗೆ ಕೇಳಿಸಿದ ತಂತಿ

ಮಾರ್ಚ್ ೧೪, ಶನಿವಾರ

ಬಿಟ್ಟುಬಂದ ಕೆಂಪು ಗಿಟಾರು ಇನ್ನೂ ಕಣ್ಣಲ್ಲೇ ತೇಲುತ್ತಿದೆ. ನನ್ನ ಹೊಲಿಗೆಯ ದುಡ್ಡಿಗೆ ಸಿಗುವ, ದಪ್ಪ ದನಿಯ ಬೇಸ್ ಗಿಟಾರುಗಳು ಅಂಗಡಿಯಲ್ಲಿ ಎರಡೇ ಇದ್ದವು: ಹೊಸ ಕೆಂಪು, ಯಾರೋ ನುಡಿಸಿ ಸವೆಸಿದ ಕಂದು.

"ಮಗನಿಗಾ ಅಮ್ಮಾ?" ಎಂದ ಅಂಗಡಿಯವನು.

"ನನಗೇ ಕಣಪ್ಪಾ."

ಮೊದಲು ಕೆಂಪನ್ನು ಅಂಗಡಿಯ ಸ್ಪೀಕರಿಗೆ ಸಿಕ್ಕಿಸಿ ಮೀಟಿದೆ. ಗಿರಣಿಯ ಸದ್ದಿಗೆ ಕಿವಿ ಕಳೆದುಕೊಂಡ ನಮ್ಮ ಯಜಮಾನರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಹಳೆಯದರ ದಪ್ಪ ತಂತಿ ಮೀಟಿದಾಗ ತಟ್ಟನೆ ಎದೆ ಮುಟ್ಟಿಕೊಂಡರು.

"ಏಯ್, ಇಲ್ಲೇನೋ ಗುಂಯ್ ಅಂತು! ಇನ್ನೊಂದ್ಸಲ ಮಾಡು."

ಹನ್ನೊಂದು ವರ್ಷದಿಂದ ನನ್ನ ದನಿಯನ್ನೇ ಕೇಳದವರು. ಮತ್ತೆ ಮತ್ತೆ ಮೀಟಿದೆ. ನೆಲವೇ ಮೆಲ್ಲಗೆ ಉಸಿರಾಡಿದಂತಿತ್ತು.

ಹಳೆಯದನ್ನೇ ತಂದೆವು. ನನಗೆ ಒಂದು ಸ್ವರವೂ ಬಾರದು. ಆದರೂ ಇವರು ಮಂಚದ ಮೇಲೆ ದಿಂಬು ಸರಿಸಿ ಜಾಗ ಮಾಡಿ, "ಬರೆದಿದ್ದು ಸಾಕು, ಬಾರೇ," ಅಂತ ಕರೀತಿದ್ದಾರೆ. ಹೋಗುತ್ತೇನೆ, ಉಳಿದದ್ದು ನಾಳೆ.