ಬಾಗಿಲಲ್ಲಿ ಕುರ್ಚಿ ಹಾಕಿಕೊಂಡ ಟೀಚರ್

ಜುಲೈ 9, ಬುಧವಾರ

ತಪಾಸಣೆಯ ವರದಿಯನ್ನು ಮೂರು ಸಲ ಬರೆದು ಹರಿದೆ. ಹೊಗಳದೆ ಬರೆಯುವುದಕ್ಕೆ ಕೈ ಬರುತ್ತಿಲ್ಲ.

ಇವತ್ತು ನೋಡಿದ ಶಾಲೆಯಲ್ಲಿ ಎರಡು ಕೋಣೆ, ಐದು ತರಗತಿ, ಇಪ್ಪತ್ತೆರಡು ಮಕ್ಕಳು, ಒಬ್ಬರೇ ಟೀಚರ್. ಆಕೆ ಕುರ್ಚಿಯನ್ನು ಎರಡು ಕೋಣೆಗಳ ನಡುವಿನ ಬಾಗಿಲಲ್ಲೇ ಹಾಕಿಕೊಂಡಿದ್ದಾರೆ. ಬಲಗಡೆಯವರಿಗೆ ಭಾಗಾಕಾರ ಹೇಳಿಕೊಡುತ್ತಲೇ, ಎಡಗಡೆ ತಪ್ಪು ಓದಿದ ಪುಟ್ಟ ಹುಡುಗಿಗೆ ತಿರುಗಿಯೂ ನೋಡದೆ "ಇನ್ನೊಂದ್ಸಲ ಓದು ಕಂದ" ಅಂದರು. ನಾನು ಬೆಪ್ಪಾಗಿ ನಿಂತುಬಿಟ್ಟೆ.

"ಒಬ್ರೇ ಹೇಗೆ ನಿಭಾಯಿಸ್ತೀರಾ ಮೇಡಂ?"

"ಹುಷಾರು ತಪ್ಪದಿದ್ರೆ ಆಯ್ತು ಸರ್. ಹೋದ ತಿಂಗಳು ಜ್ವರ ಬಂದಾಗ್ಲೂ ಇಲ್ಲೇ ಕೂತಿದ್ದೆ. ಶಾಲೆಗೆ ಬೀಗ ಹಾಕೋಕಾಗುತ್ತಾ?"

ಹೋದ ವರ್ಷ ಇಂಥದ್ದೇ ಇನ್ನೊಂದು ಶಾಲೆಯ ಮೇಷ್ಟ್ರ ಬಗ್ಗೆ 'ಒಬ್ಬರೇ ಅಚ್ಚುಕಟ್ಟಾಗಿ ನಡೆಸುತ್ತಿದ್ದಾರೆ' ಎಂದು ಮನಸಾರೆ ಬರೆದಿದ್ದೆ. ಮೇಲಿನವರು ಅದನ್ನೇ ಹಿಡಿದುಕೊಂಡು, ಹಾಗಾದರೆ ಒಬ್ಬರೇ ಸಾಕು ಎಂದು ಖಾಲಿಯಿದ್ದ ಎರಡನೇ ಹುದ್ದೆಯನ್ನೇ ರದ್ದು ಮಾಡಿದರು. ನನ್ನ ಹೊಗಳಿಕೆಯೇ ಆ ಮೇಷ್ಟ್ರ ತಲೆ ಮೇಲೆ ಚಪ್ಪಡಿ ಎಳೆಯಿತು.

ಅದಕ್ಕೇ ಈ ಸಲ ವರದಿಯಲ್ಲಿ ಒಂದೇ ಸಾಲು: 'ಇನ್ನೊಬ್ಬ ಶಿಕ್ಷಕರು ತುರ್ತಾಗಿ ಬೇಕು.' ಆಕೆ ಎಂಥ ಟೀಚರ್ ಅನ್ನುವುದು ನನ್ನ ಈ ದಿನಚರಿ ಪುಸ್ತಕದಲ್ಲೇ ಇರಲಿ. ಮೇಲಿನವರ ಕೈಗೆ ಇದು ಸಿಗುವುದಿಲ್ಲ.