ಮೇಲೆ ನೋಡೋ ಕೆಲಸ

ಫೆಬ್ರವರಿ 4, ಬೆಳಗ್ಗೆ

ಇವತ್ತೂ ಅದೇ ಗೋಳು. ಕಣ್ಣು ಬಿಡೋಕೆ ಮುಂಚೆ ಬಾಗಿಲು ಬಡಿತ. "ಅತ್ತೆ, ರೆಡಿನಾ?" ಅಳಿಯ ಮಹಾಶಯ. ಊರವರ ಹಲ್ಲು ಕೀಳೋ ಡಾಕ್ಟರು. ಕ್ಲಿನಿಕ್ ತೆರೆಯೋಕೆ ಮುಂಚೆ ಕೆರೆ ಪಾರ್ಕಲ್ಲಿ ಡ್ರೋನ್ ಹಾರಿಸ್ಬೇಕು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ಇವನಿಗೆ ಕೆಲಸ ಇದೆ, ಆದ್ರೂ ಕೆತ್ತುತ್ತಾನೆ.

ನಾನ್ಯಾಕೆ ಹೋಗ್ಬೇಕು? ರೂಲ್ಸಂತೆ. ಜನರ ತಲೆ ಮೇಲೆ ಹಾರಿಸಬಾರದು. ಹಾರ್ತಿರೋದು ಸದಾ ಕಣ್ಣಿಗೆ ಕಾಣ್ತಿರಬೇಕು. ಇವನ ಕಣ್ಣು ಕೈಲಿರೋ ಸ್ಕ್ರೀನಿಗೆ ಅಂಟಿರುತ್ತಲ್ಲ, ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ನಿಂತು ಮೇಲೆ ನೋಡ್ತಿರಬೇಕು. ಮಗಳಿಗೆ ಆಸ್ಪತ್ರೆ ಡ್ಯೂಟಿ. ಉಳಿದವಳು ನಾನು, ರಿಟೈರ್ಡ್ ಬಸ್ ಕಂಡಕ್ಟರ್. ಬಿಟ್ಟಿ ಸಿಕ್ಕಿದ ಕತ್ತು. ವಾಪಸ್ ಬರೋ ಹೊತ್ತಿಗೆ ಆ ಕತ್ತು ಸೆಟೆದು ಕೊರಡು.

ಫೆಬ್ರವರಿ 9

ಹದ್ದು ಬಂತು. "ಹೋಲ್ಡಾನ್!" ಅಂತ ಕೂಗಿದೆ. ಹಳೇ ಕಂಡಕ್ಟರ್ ಗಂಟಲು — ಆಚೆ ದಡದಲ್ಲಿ ಓಡ್ತಿದ್ದವನೂ ಗಕ್ಕನೆ ನಿಂತ. ಅಳಿಯ ಸರ್ರನೆ ಇಳಿಸಿದ. ಹದ್ದುಗಳು ಗೂಡು ಕಟ್ಟೋ ಕಾಲವಂತೆ, ಹಾರೋದೆಲ್ಲ ಅವಕ್ಕೆ ಶತ್ರು.

"ಅತ್ತೆ, ಇನ್ನು ಹೀಗೇ ಮಾಡೋಣ. ನೀವು ರೈಟ್ ಅಂದ್ರೆ ಹಾರಿಸ್ತೀನಿ, ಹೋಲ್ಡಾನ್ ಅಂದ್ರೆ ಇಳಿಸ್ತೀನಿ."

ಅಬ್ಬಬ್ಬಾ, ಡ್ರೈವರ್ ಸಾಹೇಬ್ರು! ಇವನಂಥ ಡ್ರೈವರ್ ಸಿಕ್ಕಿದ್ರೆ ನಾನು ಎಂದೋ ವಾಲಂಟರಿ ರಿಟೈರ್ಮೆಂಟ್ ತಗೊಳ್ತಿದ್ದೆ.

ಟೈಲರಮ್ಮ ಬೆಂಚಿನ ಮೇಲೆ ಕೂತು ನಕ್ಕೂ ನಕ್ಕೂ ಸುಸ್ತಾದ್ಲು. ನನ್ನ ವಾಕಿಂಗ್ ಗೆಳತಿ. ಮಾರ್ಕೆಟ್ ಹತ್ರ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. "ನಿನ್ನ ಅಳಿಯ ಒಳ್ಳೇವ್ನು ಕಣೇ." "ಬೇಕಾದ್ರೆ ನೀನೇ ಇಟ್ಕೋ" ಅಂದೆ.

ಫೆಬ್ರವರಿ 15, ಸಂಜೆ

ಮೈ ಉರೀತಿದೆ.

ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದ್ದಾನೆ. ಕೆರೆ, ಮರ, ಸೂರ್ಯ… ಆಮೇಲೆ ಮೇಲಿಂದ ನನ್ನ ನೆತ್ತಿ. ಕೂದಲು ಉದುರಿರೋ ಜಾಗ, ಬಿಸ್ಕೆಟ್ ಅಗಲ, ಬಿಸಿಲಿಗೆ ಫಳಫಳ. ಕೆಳಗೆ ಬರೆದಿದ್ದಾನೆ — 'ನಮ್ಮ ಕಂಟ್ರೋಲ್ ಟವರ್'. ನಾದಿನಿ ಬಿಡ್ತಾಳಾ? 'ಹೆಲಿಪ್ಯಾಡೂ ಇದೆಯಲ್ಲಾ ಅತ್ತಿಗೇ!' ಅದಕ್ಕೆ ಎಲ್ಲರದ್ದೂ ಕಿಸಿಕಿಸಿ. ಸತ್ಲೋ ಬದುಕಿದ್ಲೋ ಅಂತ ಕೇಳದವರೂ ನಗೋಕೆ ಬಂದಿದ್ದಾರೆ.

ಕೇಳದೆ ಯಾರ ಚಿತ್ರಾನೂ ತೆಗೀಬಾರದು ಅಂತ ಅವನೇ ಓದಿ ಹೇಳಿದ್ದ. ಆ ರೂಲ್ಸು ಅತ್ತೆಗಿಲ್ಲ ಅನ್ಸುತ್ತೆ.

"ತಮಾಷೆಗೆ ಅಮ್ಮಾ, ಅಷ್ಟಕ್ಕೆಲ್ಲ…" ಅಂತಾಳೆ ಮಗಳು. ಗಂಡನ ವಕೀಲೆ. ಬಸ್ ತುಂಬ ಜನ ಇದ್ರೂ ಒಬ್ಬನೂ ನನ್ನ ನೋಡಿ ಹಲ್ಲು ಬಿಟ್ಟವನಿಲ್ಲ. ಅಂಥ ನನ್ನನ್ನ ಇವನು…

ಬರಲಿ ಹದ್ದು. ನಾನು ಬಾಯಿ ಬಿಟ್ರೆ ಕೇಳಿ.

ಫೆಬ್ರವರಿ 21

ಇಷ್ಟು ದಿನ ಬರೆಯೋಕೆ ಕೈ ಬರಲಿಲ್ಲ.

ಹದ್ದು ಬಂತು. ಕಂಡೆ. ಮೊದಲು ಚುಕ್ಕಿ, ಆಮೇಲೆ ರೆಕ್ಕೆ. ಡ್ರೋನ್ ನೀರಿನ ಮೇಲಿತ್ತು. ಬಿದ್ರೆ ಕೆರೆಗೆ ಬೀಳುತ್ತೆ, ಪೀಡೆ ತೊಲಗುತ್ತೆ ಅಂದ್ಕೊಂಡೆ.

"ಅತ್ತೆ, ಮೇಲೆ ಏನಾದ್ರೂ ಇದ್ಯಾ?" ಸ್ಕ್ರೀನಿಂದ ತಲೆ ಎತ್ತದೆ ಕೇಳಿದ.

"ರೈಟ್, ರೈಟ್" ಅಂದೆ.

ಹೊಡೀತು. ಡ್ರೋನ್ ನೀರಿಗೆ ಬೀಳಲಿಲ್ಲ. ಅದರ ಒಂದು ಫ್ಯಾನ್ ಮುರಿದು ಗಿರಗಿರ ತಿರುಗ್ತಾ ದಂಡೆ ಕಡೆ ನುಗ್ಗಿತು. ಕಾಲುದಾರೀಲಿ ಟೈಲರಮ್ಮ ಬರ್ತಿದ್ಲು, ನನ್ನ ನೋಡಿ ಕೈ ಬೀಸ್ತಾ. ಆಗ ಕೂಗಿದೆ. ಏನು ಕೂಗಿದೆನೋ. ಹೊತ್ತು ಮೀರಿತ್ತು.

ಅವಳ ಎಡಗಣ್ಣಿಗೇ ಬಡೀತು. ಬ್ಯಾಂಡೇಜ್ ಇನ್ನೂ ಬಿಚ್ಚಿಲ್ಲ. ದೃಷ್ಟಿ ಉಳಿಯುತ್ತೋ ಇಲ್ವೋ ಅಂದ್ರೆ ಡಾಕ್ಟರ್ ಮಾತು ತೇಲಿಸ್ತಾರೆ. ಸೂಜಿಗೆ ದಾರ ಪೋಣಿಸಿ ಬದುಕೋಳು ಅವಳು. ಅಯ್ಯೋ ನನ್ನ ಬಾಯಿ ಸೇದಿಹೋಗ.

ಫೆಬ್ರವರಿ 22

ಪೊಲೀಸ್ ಸ್ಟೇಷನ್ನಲ್ಲಿ ಅಳಿಯ ಏನು ಹೇಳಿದ್ದಾನೆ ಅಂತ ಮಗಳಿಂದ ಗೊತ್ತಾಯ್ತು. "ಅತ್ತೆ ಹೋಲ್ಡಾನ್ ಅಂತ ಕೂಗಿದ್ರು, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ." ಎಚ್ಚರಿಸಿದ ಮೇಲೂ ಹಾರಿಸಿದ ಅಂದ್ರೆ ಕೇಸು ಬಿಗಿಯಾಗುತ್ತಂತೆ. ಜೈಲೂ ಆಗಬಹುದಂತೆ. ಮಗಳು ಅವನ ಜೊತೆ ಮಾತು ಬಿಟ್ಟಿದ್ದಾಳೆ. "ಅಮ್ಮ ಕೂಗಿದ್ರೂ ಕೇಳಲಿಲ್ವಲ್ಲ, ಇವರೇನು ಮನುಷ್ಯರಾ?" ಅಂತ ನನ್ನ ಹತ್ರಾನೇ ಅಳ್ತಾಳೆ. ನಾನು ಬೆನ್ನು ಸವರ್ತೀನಿ.

ಅಡುಗೆಮನೇಲಿ ಒಬ್ಬನೇ ಸಿಕ್ಕ. ಲೋಟ ತೊಳೀತಿದ್ದ.

"ಯಾಕಪ್ಪಾ ಹಾಗಂದೆ? ನಾನು ರೈಟ್ ಅಂದಿದ್ದು ನಿನಗೆ ಕೇಳಿಸಿತ್ತಲ್ಲ?"

"ಕೇಳಿಸ್ತು ಅತ್ತೆ. ಕತ್ತು ನೋವು ಅಂತ ದಿನಾ ಹೇಳ್ತಿದ್ರಿ, ನಾನೇ ಬಿಡಲಿಲ್ಲ. ಬಿಸಿಲು ಬೇರೆ ಎದುರಿಗಿತ್ತು. ಪಾಪ, ನಿಮಗೆ ಕಂಡಿರಲ್ಲ. ಈ ವಯಸ್ಸಲ್ಲಿ ನಿಮ್ಮನ್ನ ಸ್ಟೇಷನ್ನಿಗೆ ಎಳೀಲಾ?"

ಪೆದ್ದ. ಶುದ್ಧ ಪೆದ್ದ. ಪಾಪ ಅಂತೆ.

ಫೆಬ್ರವರಿ 24, ಬೆಳಗ್ಗೆ

ನಿನ್ನೆ ಟೈಲರಮ್ಮನ್ನ ನೋಡೋಕೆ ಹೋಗಿದ್ದೆ. ಒಂದೇ ಕಣ್ಣಲ್ಲಿ ನನ್ನ ಹುಡುಕಿ ಕೈ ಹಿಡ್ಕೊಂಡ್ಲು. "ನೀನು ಮೇಲೆ ನೋಡ್ತಾ ನಿಂತಿದ್ಯಲ್ಲ ಕಣೇ… ಅದಕ್ಕೇ ನಾನು ಯೋಚನೆ ಇಲ್ದೆ ಬಂದೆ." ಬೈದಿದ್ರೆ ಚೆನ್ನಾಗಿತ್ತು.

ಈಗ ಇನ್ಸ್‌ಪೆಕ್ಟರ್ ಹಾಲ್‌ನಲ್ಲಿ ಕೂತಿದ್ದಾರೆ, ಮಗಳೂ ಅಲ್ಲೇ ಇದ್ದಾಳೆ. ನನ್ನ ಹೇಳಿಕೆ ಬೇಕಂತೆ. ಬಟ್ಟೆ ಬದಲಾಯಿಸ್ತೀನಿ ಅಂತ ರೂಮಿಗೆ ಬಂದು ಇದನ್ನ ಗೀಚ್ತಿದ್ದೀನಿ. ಅಳಿಯ ಬಾಗಿಲ ಹತ್ರ ಬಂದು ಪಿಸುಗುಟ್ಟಿದ. "ಕೂಗಿದೆ ಅಂದ್ಬಿಡಿ ಅತ್ತೆ, ಅಲ್ಲಿಗೆ ಮುಗೀತು."

ನನಗೇ ಹೇಳಿಕೊಡ್ತಾನೆ! ಇಡೀ ಸರ್ವಿಸಲ್ಲಿ ಹಿಂದೆ ಮುಂದೆ ನೋಡದೆ ಒಂದು ಬಸ್ಸಿಗೂ ರೈಟ್ ಅಂದವಳಲ್ಲ ನಾನು. ಅವತ್ತೂ ಅಷ್ಟೇ. ನೋಡಿಯೇ ಅಂದೆ. ಅದನ್ನ ಈಗ ಮಗಳ ಮುಂದೆ ಹೇಗೆ… ಕರೀತಿದ್ದಾರೆ, ಹೊರಟೆ.