ಮಧ್ಯೆ ಇದ್ದ ಕನ್ನಡಿ

ಫೆಬ್ರವರಿ 6, ಮಂಗಳವಾರ
ಮತ್ತೆ ಅದೇ ವಿಡಿಯೊ. ಗುಜರಾತಿನ ಟೋಕಮಾಕ್ ಯಂತ್ರದಲ್ಲಿ ಹೋದ ವರ್ಷ ನಾನೇ ತೆಗೆದದ್ದು. ಆಯಸ್ಕಾಂತಗಳ ನಡುವೆ ಹಿಡಿದಿಟ್ಟ ಪ್ಲಾಸ್ಮಾ, ಅಂದರೆ ಸಿಕ್ಕಾಪಟ್ಟೆ ಕಾದ ಅನಿಲ. ಅಂಚಿಗೆ ಚೂರು ಗ್ಯಾಸ್ ಬಿಟ್ಟರೆ ಹೊಳೆಯುತ್ತದೆ, ಹೈಸ್ಪೀಡ್ ಕ್ಯಾಮೆರಾಗೆ ಅದರ ಕುದಿತ ಕಾಣುತ್ತದೆ. ಬೆಳಕು ಉಂಡೆ ಉಂಡೆಯಾಗಿ ಸಿಡಿಯುತ್ತದೆ. ಅದರ ವೇಗ ಅಳೆಯುವುದು ಈಗ ಜೂನಿಯರ್ ಅಂಕಿತಾಳ ಕೆಲಸ. ಆರು ವರ್ಷದಿಂದ ಪಿಎಚ್‌ಡಿ ಅಂತ ಕೊಳೆಯುತ್ತಿರುವವಳು ನಾನು. ನಿನ್ನೆ ಮೊನ್ನೆ ಬಂದವಳ ಕೈಗೆ ನನ್ನ ವಿಡಿಯೊ ಕೊಟ್ಟರು ಗೈಡ್ ಶಿವಕುಮಾರ ಸರ್. "ಪ್ರೋಗ್ರಾಮಿಂಗ್ ಆಕಿಗೆ ಚಲೋ ಬರ್ತೈತೆ" ಅಂತೆ.

ಫೆಬ್ರವರಿ 19
ಅಂಕಿತಾ ಹರಿಹರದ ಬಸ್ಸಿಳಿದು ಓಡುತ್ತಲೇ ಬಂದಳು. ಬೆಳಕಿನ ಉಂಡೆಗಳು ಹೊರಗೆ, ಯಂತ್ರದ ಗೋಡೆಯ ಕಡೆ ಹೋಗಬೇಕು. ಇವಳ ಲೆಕ್ಕದಲ್ಲಿ ಒಳಕ್ಕೆ ಹೋಗುತ್ತಿವೆ.
"ಅಕ್ಕ, ಕ್ಯಾಮೆರಾ ಮುಂದೆ ಕನ್ನಡಿ ಏನಾರ ಇಟ್ಟಿದ್ರಾ? ಎಡಬಲ ಅದಲುಬದಲು ಆಗಿರಬಹುದು."
ಇಟ್ಟಿದ್ದೆ. ಯಂತ್ರದ ಕಿಟಕಿ ಇಕ್ಕಟ್ಟು, ಕ್ಯಾಮೆರಾ ನೇರ ಕೂರಲಿಲ್ಲ. ಫ್ರೇಮಿನಲ್ಲಿ ಗೋಡೆ ಬಿದ್ದಿಲ್ಲ, ಬರೀ ಬೆಳಕು — ನೋಡಿದವರಿಗೆ ಗೊತ್ತಾಗುವುದಿಲ್ಲ.
"ಇಲ್ಲ ಕಣೇ," ಅಂದೆ.
ಅವರಮ್ಮ ಕಟ್ಟಿದ ಬುತ್ತಿಯಲ್ಲಿ ಅರ್ಧ ನನಗೆ ಕೊಟ್ಟಳು. ರೊಟ್ಟಿ, ಶೇಂಗಾ ಚಟ್ನಿ. ತಿಂದೆ. ಚೆನ್ನಾಗಿತ್ತು.

ಮಾರ್ಚ್ 4
ಸರ್ ಕುಣಿಯುವುದೊಂದು ಬಾಕಿ. ಉಂಡೆಗಳು ಒಳಕ್ಕೆ ಹೋಗುವುದನ್ನು ಜಗತ್ತಿನಲ್ಲಿ ಯಾರೂ ನೋಡಿಲ್ಲವಂತೆ. ಗುಜರಾತಿನ ಆ ಯಂತ್ರದ ಹತ್ತಿರ ಒಂದು ಕೆಲಸ ಖಾಲಿ ಇದೆ, ಅದಕ್ಕೆ ನಮ್ಮಿಬ್ಬರಲ್ಲಿ ಒಬ್ಬರನ್ನು 15ರ ಸೆಮಿನಾರ್‌ನಲ್ಲಿ ಆರಿಸುತ್ತಾರೆ. ಅಲ್ಲಿನ ವಿಜ್ಞಾನಿಯೇ ಬರುತ್ತಾರೆ. ಕನ್ನಡಿ ವಿಷಯ ಹೇಳಲು ಇನ್ನೂ ಟೈಮ್ ಇದೆ... ಹೇಳುವುದಿಲ್ಲ. ಎಲ್ಲರೆದುರು ತಪ್ಪು ಬಯಲಾದಾಗ ಅವಳ ಮುಖ ಹೇಗಾಗುತ್ತದೆ, ನೋಡಬೇಕು.

ಮಾರ್ಚ್ 15, ಸಂಜೆ
ನೋಡಿದೆ.
ಅಂಕಿತಾಳ ಮೂರನೇ ಸ್ಲೈಡಿಗೇ ಆ ವಿಜ್ಞಾನಿ ತಡೆದರು. ಆ ಕಿಟಕಿಯಲ್ಲಿ ಕನ್ನಡಿ ಇಲ್ಲದೆ ಚಿತ್ರ ತೆಗೆಯಲು ಆಗುವುದೇ ಇಲ್ಲ, ಇಷ್ಟೂ ವಿಚಾರಿಸಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
"ಅಕ್ಕನ್ನ ಕೇಳಿದ್ದೆ ಸರ್," ಅಂದಳು ಅಂಕಿತಾ. "ಇಲ್ಲ ಅಂದ್ರು."
ಶಿವಕುಮಾರ ಸರ್ ನನ್ನ ಕಡೆ ತಿರುಗಿದರು. "ಕೇಳಿದ್ಲೇನಮ್ಮ?"
"ಇಲ್ಲ ಸರ್. ಕೇಳಿದ್ರೆ ಹೇಳ್ತಿರ್ಲಿಲ್ವಾ?"
"ತಪ್ಪು ಮಾಡೋದಲ್ದೆ ಇನ್ನೊಬ್ರ ಮ್ಯಾಲೆ ಹಾಕ್ತೀಯಲ್ಲ," ಅಂದರು ಅವಳಿಗೆ. "ಸಾಕು, ಹೋಗಿ ಕೂಡು."
ಮೈಕ್ ಹಿಡಿದುಕೊಂಡೇ ಬಂದು ಕೂತಳು. ನನ್ನ ಹೊಟ್ಟೆ ತಣ್ಣಗಾಯಿತು.

ಏಪ್ರಿಲ್ 2
ಗುಜರಾತಿನ ಕೆಲಸದ ಆರ್ಡರ್ ಬಂತು. ನನಗೇ. ಅಂಕಿತಾ ಡಿಪಾರ್ಟ್‌ಮೆಂಟಿಗೆ ಬರುತ್ತಿಲ್ಲ. ಅವಳ ಕುರ್ಚಿ ಮೇಲೆ ನನ್ನ ಬ್ಯಾಗ್ ಇಡುತ್ತೇನೆ.

ಏಪ್ರಿಲ್ 11
ಪಿ.ಜೆ. ಬಡಾವಣೆಯ ರೂಮು ಖಾಲಿ ಮಾಡುತ್ತಿದ್ದೆ. ಅಂಕಿತಾಳ ಫೋನ್.
"ಅಕ್ಕ, ಅವತ್ತು ನಾನು ಕೇಳಿದ್ದೆ ಅಲ್ವಾ? ಯಾರಿಗೂ ಹೇಳಲ್ಲ. ಹೂಂ ಅಂದ್ರೆ ಸಾಕು. ಮನೇಲಿ 'ನಿಂಗೆ ತಲಿ ಕೆಟ್ಟೈತೆ' ಅಂತಾರೆ. ನಂಗೂ ಹಂಗೇ ಅನಿಸ್ತೈತೆ."
ಹೂಂ ಅಂದರೆ ಸಾಕಿತ್ತು.
"ರೊಟ್ಟಿ ತಿಂದಿದ್ದು ನೆನಪೈತೆ ಕಣೇ. ನೀನು ಏನೂ ಕೇಳಿರ್ಲಿಲ್ಲ."

"ಹಂಗಾದ್ರೆ ಸಾರಿ ಅಕ್ಕ. ಎಲ್ರ ಮುಂದೆ ನಿಮ್ಮ ಹೆಸರು ತಗೊಂಡೆ. ನಾಳೆ ನಿಮ್ಮ ಟ್ರೇನ್ ಹರಿಹರದಾಗೆ ನಿಲ್ತೈತಲ್ಲ, ಬುತ್ತಿ ತರ್ತೀನಿ. ಬ್ಯಾಡ ಅನ್ನಬ್ಯಾಡ್ರಿ."
ಆಯ್ತು ಅಂದುಬಿಟ್ಟೆ. ರೊಟ್ಟಿ ತಟ್ಟಲು ಬೆಳಗ್ಗೆ ಬೇಗ ಏಳುತ್ತಾಳೆ. ಹರಿಹರ ಬಂದಾಗ ಬಾಗಿಲ ಹತ್ತಿರ ನಿಲ್ಲಲೋ, ಇಲ್ಲ ಮುಸುಕು ಹಾಕಿ ಮಲಗಿಬಿಡಲೋ, ಇನ್ನೂ ಗೊತ್ತಿಲ್ಲ.